ಉಂಡದ್ದು ಮೈಗೆ ಹತ್ತಬೇಕಾದರೆ

“ಈ ಮಗುವಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ” ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಹೊಟ್ಟೆಯ ಹುಳು, ಜ್ವರ, ಅಜೀರ್ಣ ಮೊದಲಾದ ಕಾರಣಗಳನ್ನು ನಾವೆಲ್ಲರೂ ಬಲ್ಲೆವು. ಅಕ್ಕರೆಯ ಅಭಾವವೂ ಒಂದು ಕಾರಣವಾಗಬಲ್ಲುದೆಂಬುದನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

1948ರಲ್ಲಿ, ಯುದ್ಧದಿಂದ ಜರ್ಜರಿತವಾಗಿದ್ದ ಜರ್ಮನಿಯಲ್ಲಿ, ಎಲ್ಸಿ ವಿಡ್ಡೋಸನ್ ಎಂಬ ಆಂಗ್ಲ ಆಹಾರಶಾಸ್ತ್ರಜ್ಞೆಯು ಎರಡು ಅನಾಥಾಲಯಗಳ ಮಕ್ಕಳ ಬೆಳವಣಿಗೆಯನ್ನು ಪರೀಕ್ಷಿಸಿದರು. ಎರಡು ಕಡೆಯೂ ಪಡಿತರದ ಆಹಾರವೇ. ಆದರೂ ಮೊದಲ ಆರು ತಿಂಗಳಲ್ಲಿ ಒಂದು ಆಲಯದ ಮಕ್ಕಳ ತೂಕ ಚೆನ್ನಾಗಿ ಏರಿತು. ಮತ್ತೊಂದರ ಮಕ್ಕಳು ಹಿಂದುಳಿದರು. ಅನಂತರ, ಚೆನ್ನಾಗಿ ಬೆಳೆದಿದ್ದವರಿಗೇ ರೊಟ್ಟಿ, ಜಾಮು, ಕಿತ್ತಳೆಯ ರಸಗಳನ್ನು ಹೆಚ್ಚಾಗಿ ಕೊಡಲಾಯಿತು. ಆಶ್ಚರ್ಯವೇನೆಂದರೆ, ಈಗ ಹಿಂದುಳಿದವರು ಅವರೇ!

ಇದರ ಗುಟ್ಟು ಅಡಿಗೆಮನೆಯಲ್ಲಿರಲಿಲ್ಲ. ಮೊದಲು ಹಿಂದುಳಿದಿದ್ದ ಆಲಯದ ಮೇಲ್ವಿಚಾರಕಿಯು ಕಠಿನ ಸ್ವಭಾವದವಳು. ಊಟದ ಹೊತ್ತನ್ನೇ ಆರಿಸಿಕೊಂಡು ಮಕ್ಕಳನ್ನು ಎಲ್ಲರೆದುರಿಗೆ ಗದರಿಸುತ್ತಿದ್ದಳು. ಅವರು ಅಳುತ್ತಿರುವಾಗ ಊಟ ಆರಿಹೋಗುತ್ತಿತ್ತು. ಹೆಚ್ಚಿನ ಆಹಾರವನ್ನು ಕೊಡತೊಡಗಿದ ಸಮಯಕ್ಕೆ ಸರಿಯಾಗಿ, ಆಕೆ ಅಕಸ್ಮಾತ್ತಾಗಿ ಎರಡನೆಯ ಆಲಯಕ್ಕೆ ವರ್ಗವಾಗಿ ಬಂದಿದ್ದಳು. ಆಕೆಯ ಮೆಚ್ಚಿನ ಎಂಟು ಮಕ್ಕಳು ಮಾತ್ರ ಎರಡು ಕಡೆಯೂ ಚೆನ್ನಾಗಿಯೇ ಬೆಳೆದರು. ವಿಡ್ಡೋಸನ್ ಅವರು ಈ ವೃತ್ತಾಂತವನ್ನು 1951ರಲ್ಲಿ ಪ್ರಕಟಿಸಿದರು.

ಮನಸ್ಸಿನ ದುಃಖವು ಮೂಳೆಯನ್ನು ಮುಟ್ಟುವುದು ಹೇಗೆ? ಮಿದುಳಿನ ಬುಡದಲ್ಲಿ ಬಟಾಣಿಕಾಳಿನಷ್ಟು ಗಾತ್ರದ ಪಿಟ್ಯುಯಿಟರಿ ಗ್ರಂಥಿಯುಂಟು. ಬೆಳವಣಿಗೆಯ ಹಾರ್ಮೋನು ಅದರಿಂದ ಒಸರುತ್ತದೆ, ಗಾಢನಿದ್ರೆಯಲ್ಲಂತೂ ವಿಶೇಷವಾಗಿ. ಈ ಗ್ರಂಥಿಗೆ ಆಜ್ಞೆ ಹೋಗುವುದು ಮಿದುಳಿನಿಂದ. ಸದಾ ಹೆದರಿದ, ಯಾರಿಗೂ ಬೇಡವಾದ ಮಗುವಿನಲ್ಲಿ ನಿದ್ರೆಯೂ ಕೆಡಬಹುದು, ಆ ಆಜ್ಞೆಯೂ ಕುಂದಬಹುದು. 1967ರಲ್ಲಿ ಅಮೆರಿಕದ ವೈದ್ಯರು ಇಂತಹ 13 ಮಕ್ಕಳ ವಿಷಯವನ್ನು ವರದಿ ಮಾಡಿದರು. ಗ್ರಂಥಿಯ ರೋಗದಿಂದಲೇ ಕುಳ್ಳಾದರೆಂದು ತೋರುತ್ತಿದ್ದ ಈ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಆಸ್ಪತ್ರೆಯಲ್ಲಿರಿಸಿದಾಗ, ಹಾರ್ಮೋನಿನ ಔಷಧವಿಲ್ಲದೆಯೇ ಅವರು ಬೆಳೆಯತೊಡಗಿದರು.

ಇಷ್ಟರಿಂದ, ಕುಳ್ಳಾದ ಮಗುವಿನ ತಾಯಿತಂದೆಗಳನ್ನೆಲ್ಲ ನಿರ್ದಯರೆಂದು ಭಾವಿಸತಕ್ಕದ್ದಲ್ಲ. ವಂಶಗುಣ, ರೋಗ, ಬಡತನಗಳೇ ಹೆಚ್ಚಿನ ಕಾರಣಗಳು; ಮೊದಲು ವೈದ್ಯರಿಗೆ ತೋರಿಸಬೇಕು. ಪ್ರೀತಿಯು ಅನ್ನಕ್ಕೆ ಬದಲಾಗಲಾರದು. ಆದರೆ ಪ್ರೀತಿಯಿಲ್ಲದೆಡೆ ಅನ್ನವೂ ತನ್ನ ಕೆಲಸವನ್ನು ಪೂರ್ಣವಾಗಿ ಮಾಡಲಾರದು.

ಉಪಾಧ್ಯಾಯನಾದ ನನಗೆ, ಮಗನ ಲೆಕ್ಕದ ತಪ್ಪುಗಳನ್ನು ಊಟದ ಎಲೆಯ ಮುಂದೆಯೇ ವಿಚಾರಿಸುವ ಅಭ್ಯಾಸವಿತ್ತು. ವಿಡ್ಡೋಸನ್ ಅವರ ವರದಿಯನ್ನು ಓದಿದಂದಿನಿಂದ ಅದನ್ನು ಬಿಟ್ಟಿದ್ದೇನೆ. ಲೆಕ್ಕವನ್ನು ಊಟವಾದ ಮೇಲೂ ತಿದ್ದಬಹುದಷ್ಟೆ.