ಬರೋಲೊ ದ್ರಾಕ್ಷಾಮದ್ಯದ ಒಗರು ಮತ್ತು ಮಾಗುವಿಕೆ

ಇಟಲಿಯ ಪೀಡ್‌ಮಾಂಟ್ ಪ್ರಾಂತದ ಲಾಂಗೆ ಬೆಟ್ಟಗಳಲ್ಲಿ ಬೆಳೆಯುವ ನೆಬ್ಬಿಯೋಲೊ ದ್ರಾಕ್ಷಿಯೊಂದರಿಂದಲೇ ಬರೋಲೊ ಎಂಬ ಕೆಂಪು ಮದ್ಯವು ಸಿದ್ಧವಾಗುತ್ತದೆ. ಇದರ ಬಣ್ಣ ತೆಳು, ಒಗರಾದರೋ ತೀವ್ರ. ಹಣ್ಣಿನ ಸಿಪ್ಪೆ ಬೀಜಗಳಿಂದ ಇಳಿಯುವ ಟ್ಯಾನಿನ್ ಇದಕ್ಕೆ ಕಾರಣ. ಅಡಕೆಯ ಚೊಗರಿನಲ್ಲಿರುವುದೂ ಇದೇ ವರ್ಗದ ದ್ರವ್ಯ. ವರ್ಷಗಳು ಕಳೆದಂತೆ ಟ್ಯಾನಿನ್ ತನ್ನೊಳಗೂ ವರ್ಣದ್ರವ್ಯದೊಡನೆಯೂ ಕೂಡಿಕೊಂಡು, ಕೆಲಭಾಗ ಗಸಿಯಾಗಿ ತಳಕ್ಕಿಳಿಯುತ್ತದೆ. ಆಗ ಒಗರು ಮೃದುವಾಗುತ್ತದೆ. ಬಣ್ಣ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಆದರೆ ಒಗರೊಂದೇ ಬಾಳಿಕೆಯನ್ನು ಕೊಡಲಾರದು. ಹುಳಿಯೂ ಹಣ್ಣಿನ ಸತ್ತ್ವವೂ ಜೊತೆಗಿರಬೇಕು. ಸತ್ತ್ವವಿಲ್ಲದ ಮದ್ಯವು ಮಾಗದೆ ಬರಿದೆ ಸೊರಗುತ್ತದೆ.

ಇತಿಹಾಸದ ದೃಷ್ಟಿಯಿಂದ ನಾವು ಗಮನಿಸಬೇಕಾದುದು ಈ ಕಾಲಾವಧಿಯನ್ನು ಕುರಿತ ವಿವಾದವನ್ನು. 1980ರ ದಶಕದಲ್ಲಿ ಕೆಲವು ತಯಾರಕರು, ಮದ್ಯವು ಬೇಗ ಹದಕ್ಕೆ ಬರಲೆಂದು, ಸಿಪ್ಪೆಯೊಡನೆ ನೆನೆಯಿಡುವ ದಿನಗಳನ್ನು ಕಡಿಮೆ ಮಾಡಿ, ದೊಡ್ಡ ಪೀಪಾಯಿಗಳ ಬದಲು ಫ್ರೆಂಚ್ ಓಕ್ ಮರದ ಸಣ್ಣ ಪೀಪಾಯಿಗಳನ್ನು ಬಳಸಿದರು. ಇದು ಸಂಪ್ರದಾಯಕ್ಕೆ ಅಪಚಾರವೆಂದು ಹಿರಿಯರು ಪ್ರತಿಭಟಿಸಿದರು. ಇಂದು ಬಹುಮಂದಿ ಎರಡು ಪದ್ಧತಿಗಳಿಂದಲೂ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಕಾಯುವುದು ಮಾತ್ರ ತಪ್ಪಿಲ್ಲ: ಸುಗ್ಗಿಯ ವರ್ಷದ ನವೆಂಬರ್ 1ರಿಂದ ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದಲ್ಲಿ, ಮಾಗಿಸಬೇಕೆಂಬುದು ಕಟ್ಟಳೆ. ರಿಸೆರ್ವಾ ಎಂಬ ವರ್ಗಕ್ಕೆ 62 ತಿಂಗಳು. ಪದ್ಧತಿಯು ಬದಲಾದರೂ ಕಾಲದ ಪಾಲನ್ನು ಕಾಲಕ್ಕೇ ಬಿಡಬೇಕಾಯಿತೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.