ಮೇಳಿಗೆಯನ್ನು ದಾಟಿ ಹೋಗುವ ಮುನ್ನ

ಶಿವಮೊಗ್ಗದಿಂದ ಆಗುಂಬೆಯತ್ತ ಕಾರು ತಿರುಗಿಸುವವರು ಎಲ್ಲೆಲ್ಲಿ ಇಳಿಯುತ್ತಾರೆ ಎಂಬುದು ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿದೆ. ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಗೆ ಬರುವ ಹಕ್ಕಿಗಳು, ತೀರ್ಥಹಳ್ಳಿಯಲ್ಲಿ ಊಟ, ಮೋಡ ಕರುಣೆ ತೋರಿದರೆ ಆಗುಂಬೆಯ ಸೂರ್ಯಾಸ್ತ, ಆಮೇಲೆ 14 ಹೇರ್‌ಪಿನ್ ತಿರುವುಗಳ ಘಾಟಿ ಇಳಿದು ಸೋಮೇಶ್ವರ. ತೀರ್ಥಹಳ್ಳಿ ಬಿಟ್ಟು ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಸಿಗುವ ಮೇಳಿಗೆ ಈ ಪಟ್ಟಿಯಲ್ಲಿಲ್ಲ. ನಕ್ಷೆಯಲ್ಲೂ ಅದರ ಪಾಡು ಹೀಗೆಯೇ. ದಾರಿಯ ಒಂದು ತುದಿಗೆ ಶೆಟ್ಟಿಹಳ್ಳಿ, ಇನ್ನೊಂದು ತುದಿಗೆ ಸೋಮೇಶ್ವರ. ಎರಡೂ 1974ರಲ್ಲಿ ಘೋಷಣೆಯಾದ ಅಭಯಾರಣ್ಯಗಳಾದ್ದರಿಂದ ಅವಕ್ಕೆ ಹಸಿರು ಬಣ್ಣ, ನಡುವಿನ ಊರುಗಳಿಗೆ ಬಿಳಿ. ಆದರೆ ಎರಡೂ ತುದಿಯ ಕಾಡನ್ನು ಕಾಡಾಗಿ ಉಳಿಸಿರುವುದರಲ್ಲಿ ಈ ಬಿಳಿ ಜಾಗದ ಪಾಲು ದೊಡ್ಡದು. ಅದನ್ನು ನೋಡದೆ ದಾಟಿದವರು ದಾರಿಯ ಅರ್ಧವನ್ನಷ್ಟೇ ನೋಡಿರುತ್ತಾರೆ.

ಮೊದಲು ಮಳೆಯ ಲೆಕ್ಕ. ಶಿವಮೊಗ್ಗ ನಗರದಲ್ಲಿ ವರ್ಷಕ್ಕೆ ಬೀಳುವುದು ಸಾವಿರ ಮಿ.ಮೀ. ಆಸುಪಾಸು, ಆಗುಂಬೆಯಲ್ಲಿ ಏಳು ಸಾವಿರಕ್ಕೂ ಮೇಲೆ. ನಡುವಿನ ದೂರ ನೂರು ಕಿಲೋಮೀಟರೂ ಇಲ್ಲ. ತೇಗ, ಮತ್ತಿ, ಬಿದಿರುಗಳ ಎಲೆ ಉದುರುವ ಕಾಡಿನಿಂದ ಹೊರಟು ಬಿಸಿಲು ನೆಲ ಮುಟ್ಟದ ನಿತ್ಯಹರಿದ್ವರ್ಣದ ಕಾಡಿಗೆ ಎರಡೂವರೆ ಗಂಟೆಯಲ್ಲಿ ಬಂದುಬಿಡಬಹುದು; ಒಂದು ಕಾಡು ಇನ್ನೊಂದಾಗುತ್ತ ಹೋಗುವುದು ತೀರ್ಥಹಳ್ಳಿ ಸೀಮೆಯ ತೋಟ, ಗದ್ದೆ, ಗುಡ್ಡಗಳ ನಡುವೆ. ಇಲ್ಲಿ ಜನವಸತಿಯೂ ಹೊಸದಲ್ಲ. ಮೇಳಿಗೆಯ ಅನಂತನಾಥ ಬಸದಿ 17ನೇ ಶತಮಾನದ ಆರಂಭದ್ದು. ಎದುರಿಗೆ ಮಾನಸ್ತಂಭ, ಗೋಡೆಗೆ ಕಲ್ಲು. ಇಷ್ಟು ಮಳೆ ಬೀಳುವ ಊರಿನಲ್ಲಿ ಇಂಥದೊಂದು ಶಿಲಾಮಂದಿರ ಎದ್ದಿದೆ ಎಂದರೆ, ಅದನ್ನು ಕಟ್ಟಿಸುವಷ್ಟು ಹಣ ಆಗಲೇ ಇಲ್ಲಿ ಓಡಾಡುತ್ತಿತ್ತು. ಅಡಿಕೆ, ಮೆಣಸು, ಅಕ್ಕಿಯ ಸೀಮೆಗೂ ಕರಾವಳಿಗೂ ನಂಟು ಘಾಟಿಯದೇ. ನಾಲ್ಕು ನೂರು ವರ್ಷ ಉಂಡು, ಉತ್ತು, ವ್ಯಾಪಾರ ಮಾಡಿದ ಮೇಲೂ ಸುತ್ತ ಕಾಡು ಉಳಿದಿದೆ ಎಂಬುದೇ ಇಲ್ಲಿ ವಿವರಣೆ ಬೇಡುವ ಸಂಗತಿ.

ಆ ವಿವರಣೆ ತೋಟದ ಹಿಂದಿನ ಗುಡ್ಡದಲ್ಲಿದೆ. ಅಡಿಕೆ ಮರದ ಬುಡಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಬೆಟ್ಟ ಬೇಕು. ಮಲೆನಾಡಿನ ತೋಟಗಾರ ಸೊಪ್ಪಿನಬೆಟ್ಟವನ್ನು ಕಾಯ್ದುಕೊಂಡದ್ದು ಪರಿಸರಪ್ರೇಮದಿಂದಲ್ಲ, ಅಗತ್ಯದಿಂದ. ಹಾಗಾಗಿಯೇ ಅದು ಇಷ್ಟು ಕಾಲ ಬಾಳಿತು. ಇದರ ಜೊತೆಗೆ ಕಾನುಗಳು: ಮೆಣಸು, ಬಗನಿ, ವಾಟೆ, ನೀರಿನ ಸೆಲೆಗಾಗಿ ಊರವರು ಉಳಿಸಿಕೊಂಡ ದಟ್ಟ ಕಾಡಿನ ತುಣುಕುಗಳು. ಇದೇ ಜಿಲ್ಲೆಯ ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು. ಪ್ರಾಣಿಗಳಿಗಂತೂ ಅಭಯಾರಣ್ಯದ ಗಡಿಕಲ್ಲು ಲೆಕ್ಕಕ್ಕಿಲ್ಲ. ರೊಮುಲಸ್ ವಿಟೇಕರ್ 2005ರಲ್ಲಿ ಆರಂಭಿಸಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗ ಸರ್ಪಗಳ ಮೈಯೊಳಗೆ ರೇಡಿಯೋ ಉಪಕರಣ ಇಟ್ಟು ಹಿಂಬಾಲಿಸಿದಾಗ ಹಾವುಗಳ ದಾರಿ ತೋಟ, ಹಿತ್ತಲುಗಳ ಮೂಲಕವೂ ಹಾದಿತ್ತು. ಹಾವನ್ನು ಹೊಡೆಯದೆ ಹಿಡಿಯುವವರಿಗೆ ಫೋನು ಮಾಡುವ ಜನ ಇಲ್ಲದಿದ್ದರೆ ಸೋಮೇಶ್ವರದ ಫಲಕದ ಮೇಲಿನ ಕಾಳಿಂಗ ಚಿತ್ರವಾಗಿಯೇ ಉಳಿಯುತ್ತಿತ್ತು.

ಇದು ತೋಟಗಾರರ ಹೊಗಳಿಕೆಯಾಯಿತಲ್ಲ, ಕಾಡು ಕಡಿದು ಅಡಿಕೆ ಹಾಕಿದವರೂ ಅವರೇ ಅಲ್ಲವೇ ಎಂದು ಕೇಳಿದರೆ, ಹೌದು. ಅಡಿಕೆ ಬೆಲೆ ಏರಿದಾಗಲೆಲ್ಲ ತೋಟ ಗದ್ದೆಗೆ ಇಳಿದಿದೆ, ಗುಡ್ಡಕ್ಕೂ ಹತ್ತಿದೆ. ಎಷ್ಟೋ ಸೊಪ್ಪಿನಬೆಟ್ಟ ಬೋಳಾಗಿದೆ, ಎಷ್ಟೋ ಕಾನಿನ ಪಕ್ಕ ಅಕೇಶಿಯಾ ನೆಡುತೋಪು ಎದ್ದಿದೆ. ಅಕೇಶಿಯಾ ರೈತನ ತಲೆಯಿಂದ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಆದರೆ ಇದರಿಂದ ವಾದ ಮುರಿಯುವುದಿಲ್ಲ. ನಡುವಿನ ಊರು ಕೆಟ್ಟರೆ ತುದಿಯ ಕಾಡೂ ಕೆಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಗೆ ಈ ಸೀಮೆಯಲ್ಲಿ ಬಂದ ವಿರೋಧವನ್ನೂ ಹೀಗೇ ಓದಬೇಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಆ ವರದಿಯನ್ನು ತಿರಸ್ಕರಿಸಿತು. ಊರವರಿಗಿದ್ದದ್ದು ತಮ್ಮನ್ನು ಕಾಡಿನ ಒತ್ತುವರಿದಾರರಂತೆ ಕಂಡಾರೆಂಬ ಭಯ.

ರಸ್ತೆ ಅಗಲಿಸುವ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ತೀರ್ಥಹಳ್ಳಿಯಿಂದ ಮಲ್ಪೆಗೆ ಹೋಗುವ ಈ ದಾರಿ ಈಗ 169ಎ ರಾಷ್ಟ್ರೀಯ ಹೆದ್ದಾರಿ. ಹೃದಯಾಘಾತವಾದವರನ್ನು ಮಣಿಪಾಲಕ್ಕೆ ಒಯ್ಯುವ ಆಂಬುಲೆನ್ಸ್ ಇಳಿಯುವುದೂ ಇದೇ ಘಾಟಿಯಲ್ಲಿ. ಅಂಥವರ ಮುಂದೆ ಘಾಟಿಯ ಕಾಡಿನ ಸಿಂಗಳೀಕದ ಮಾತು ಎತ್ತುವುದು ಪೇಟೆಯವರ ಚಟ ಎನಿಸೀತು. ಆದರೆ ಮಳೆಗಾಲದಲ್ಲಿ ಆಂಬುಲೆನ್ಸನ್ನು ತಡೆಯುವುದು ಕುಸಿದ ಧರೆ ಮತ್ತು ಅಡ್ಡ ಸಿಕ್ಕಿಕೊಂಡ ಲಾರಿ. ಭಾರೀ ವಾಹನಗಳನ್ನು ಮಳೆಗಾಲದಲ್ಲಿ ಇಲ್ಲಿ ನಿಷೇಧಿಸುತ್ತ ಬಂದಿರುವುದೂ ಅದಕ್ಕೇ. ಇಳಿಜಾರನ್ನು ಇನ್ನಷ್ಟು ಅಗೆದರೆ ಧರೆ ಇನ್ನಷ್ಟು ಸಡಿಲವಾಗುತ್ತದೆ. ಬೇಕಿರುವುದು ಒಳ್ಳೆಯ ಚರಂಡಿ, ಗಟ್ಟಿ ತಡೆಗೋಡೆ, ಗುಂಡಿಯಿಲ್ಲದ ಡಾಂಬರು. ಸಿಂಗಳೀಕ ಹೆಚ್ಚಾಗಿ ಮರದಿಂದ ಮರಕ್ಕೇ ಸಾಗುವ ಪ್ರಾಣಿ. ರಸ್ತೆಯ ಮೇಲೆ ಕೊಂಬೆಗಳು ಕೂಡಿರುವಷ್ಟು ದಿನ ಅದಕ್ಕೆ ದಾರಿ ಇದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರ ನಿಂತಿದೆ, ಊರುಗಳೇನೂ ಮುಳುಗಲಿಲ್ಲ. ಇಲ್ಲಿ ಅಷ್ಟು ದೂರ ಹೋಗುವುದೂ ಬೇಡ, ವೇಗ ತಗ್ಗಿದರೆ ಸಾಕು. ಅಗಲವಾದ ರಸ್ತೆ ವ್ಯಾಪಾರ ತರುತ್ತದೆ ಎನ್ನುವವರು ಇಷ್ಟು ಯೋಚಿಸಲಿ: ಎಂಬತ್ತರ ವೇಗದಲ್ಲಿ ಹೋಗುವ ಕಾರು ಮೇಳಿಗೆಯ ಹೋಟೆಲಿನ ಮುಂದೆ ಬ್ರೇಕು ಹಾಕುವುದಿಲ್ಲ.

ಈ ದಾರಿಯಲ್ಲಿ ಹೊರಟವರು ಮೇಳಿಗೆಗೆ ಒಂದು ಗಂಟೆ ಕೊಡಿ. ಬಸದಿ ನೋಡಿ, ತೋಟದವರನ್ನು ಕೇಳಿ ಹಿಂದಿನ ಬೆಟ್ಟ ಹತ್ತಿ ಬನ್ನಿ. ಘಾಟಿಯಲ್ಲಿ ಸಿಂಗಳೀಕ ಕಂಡರೆ ಬಿಸ್ಕತ್ತು, ಬಾಳೆಹಣ್ಣು ಎಸೆಯಬೇಡಿ. ತಿನಿಸಿನ ಆಸೆಗೆ ರಸ್ತೆಗಿಳಿದ ಪ್ರಾಣಿ ಚಕ್ರಕ್ಕೆ ಸಿಗುತ್ತದೆ. ಮಳೆಗಾಲವಾದರೆ ಘಾಟಿ ತೆರೆದಿದೆಯೇ ಎಂದು ತೀರ್ಥಹಳ್ಳಿಯಲ್ಲೇ ವಿಚಾರಿಸಿಕೊಂಡು ಹೊರಡಿ.