ತೊಂಬತ್ತಕ್ಕೇ ನಿಂತ ಅಚ್ಚು

ಮಂಗಳೂರಿನ ಪ್ರೆಸ್ಸೊಂದರಲ್ಲಿ 34 ವರ್ಷ ಆಫ್‌ಸೆಟ್ ಮೆಷಿನ್ ಓಡಿಸಿದವನು ನಾನು. ಬೀಡಿ ಲೇಬಲ್ಲು, ಮದುವೆ ಕಾಗದ, ಯಕ್ಷಗಾನದ ಪೋಸ್ಟರು. ಸಾವಿರ ಹಾಳೆ ಎಂದರೆ ಮೆಷಿನ್ ಬಿಸಿಯಾಗುವುದರೊಳಗೆ ಮುಗಿಯುವ ಕೆಲಸ. ಮಗಳ ಮನೆಗೆಂದು ನ್ಯೂಯಾರ್ಕಿಗೆ ಹೋಗಿದ್ದಾಗ ಅಲ್ಲಿನ ಗ್ಯಾಲರಿಯಲ್ಲಿ ಒಂದು ಚಿತ್ರದ ಅಡಿಗೆ ಪೆನ್ಸಿಲಿನಲ್ಲಿ 37/90 ಎಂದು ಬರೆದದ್ದು ಕಂಡಿತು.

"ಮಾರ್ಕ್ಸಾ?" ಎಂದೆ.

"ಅಲ್ಲಪ್ಪ, ಅಚ್ಚು ಹಾಕಿದ್ದೇ ತೊಂಬತ್ತು. ಇದು ಮೂವತ್ತೇಳನೆಯದು" ಎಂದಳು ಮಗಳು.

ಪಕ್ಕದಲ್ಲಿ ಕಲಾವಿದನ ರುಜು: ಕೀತ್ ಹೇರಿಂಗ್. 1989ರ 'ಚಾಕೊಲೇಟ್ ಬುದ್ಧ' ಎಂಬ ಐದು ಲಿಥೋಗ್ರಾಫ್‌ಗಳಲ್ಲಿ ಒಂದು. ದಪ್ಪ ಗೆರೆಗಳು, ಢಾಳಾದ ಬಣ್ಣಗಳು, ಜಾತ್ರೆಯ ನೂಕುನುಗ್ಗಲಿನಂತೆ ಒಂದರೊಳಗೊಂದು ಸಿಕ್ಕಿಕೊಂಡ ಆಕಾರಗಳು.

ಅಭ್ಯಾಸಬಲ, ಜೇಬಿನ ಭೂತಗನ್ನಡಿ ತೆಗೆದು ಬಗ್ಗಿದೆ. ಕಾವಲಿನವನು ಕೆಮ್ಮಿದ. ಅಷ್ಟರಲ್ಲೇ ಬೇಕಾದದ್ದು ಕಂಡಿತ್ತು: ಬಣ್ಣದಲ್ಲಿ ಚುಕ್ಕೆಗಳಿಲ್ಲ. ನಮ್ಮ ಆಫ್‌ಸೆಟ್ಟಿನಲ್ಲಿ ಫೋಟೋ ತೆಗೆದು ಅಚ್ಚು ಹಾಕಿದ ಚಿತ್ರವಾದರೆ ನಾಲ್ಕು ಬಣ್ಣದ ಸಣ್ಣ ಚುಕ್ಕೆಗಳೇ ಕಣ್ಣಿಗೆ ಮೋಸ ಮಾಡುತ್ತವೆ. ಇಲ್ಲಿ ಒಂದೊಂದು ಬಣ್ಣವನ್ನೂ ಬೇರೆಯಾಗಿಯೇ ಒತ್ತಿದ್ದರು.

ಲಿಥೋಗ್ರಾಫ್ ಎಂದರೆ ನಮ್ಮ ಹಿರಿಯರ ಕಲ್ಲಚ್ಚು. ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ 1796ರ ಹೊತ್ತಿಗೆ ಕಂಡುಕೊಂಡದ್ದು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಗೋಂದು ಮತ್ತು ತೆಳು ಆಸಿಡ್ ಸವರಿ, ನೀರಿನಿಂದ ಒರೆಸಬೇಕು. ಆಮೇಲೆ ಶಾಯಿಯ ರೋಲರ್ ಉರುಳಿಸಿದರೆ ನೆನೆದ ಕಲ್ಲು ಎಣ್ಣೆಶಾಯಿಯನ್ನು ಹತ್ತಿರ ಸೇರಿಸುವುದಿಲ್ಲ, ಜಿಡ್ಡಿನ ಗೆರೆ ಬಿಡುವುದಿಲ್ಲ. ನನ್ನ ಮೆಷಿನ್ನಿನಲ್ಲೂ ಇದೇ ನೀರು-ಶಾಯಿಯ ಜಗಳ. ಕಲ್ಲಿನ ಜಾಗಕ್ಕೆ ಅಲ್ಯುಮಿನಿಯಂ ಪ್ಲೇಟು ಬಂದಿದೆ, ಅಷ್ಟೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ನಮ್ಮೂರಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲೇ. ಅದನ್ನು ಹೊರತಂದ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಪ್ರತಿಯೊಂದಕ್ಕೂ ನಂಬರು ಹಾಕಿ ರುಜು ಮಾಡುತ್ತ ಕೂತಿದ್ದರೆ ಓದುವವರ ಗತಿ?

ನಂಬರು ಹಾಕುವ ಇಂಥ ಚಿತ್ರಗಳಲ್ಲಿ ಹೇಳಿದಷ್ಟು ಪ್ರತಿ ಮುಗಿದ ಮೇಲೆ ಕಲ್ಲಾದರೆ ಉಜ್ಜಿ ಅಳಿಸುತ್ತಾರೆ, ಪ್ಲೇಟಾದರೆ ಗೀಚಿ ಕೆಡಿಸುತ್ತಾರೆ. ತೊಂಬತ್ತೊಂದನೆಯದು ಬರದಂತೆ ನೋಡಿಕೊಳ್ಳುವುದಕ್ಕೇ ಬೆಲೆ. ನನ್ನಂಥ ಮೆಷಿನ್ನಿನವನಿಗೆ ಇದು ಉಣ್ಣುವ ತಟ್ಟೆ ಒಡೆದ ಹಾಗೆ ಕೇಳಿಸುತ್ತದೆ.

ಹೇರಿಂಗ್ ಕೂಡ ಮೊದಲು ಎಣಿಸಿಕೊಡುವವನಾಗಿರಲಿಲ್ಲ. 1980ರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನ ನಿಲ್ದಾಣಗಳಲ್ಲಿ, ಜಾಹೀರಾತು ಹಚ್ಚುವ ಜಾಗದ ಖಾಲಿ ಕಪ್ಪು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗುತ್ತಿದ್ದ. ಪೊಲೀಸರು ಹಿಡಿದದ್ದೂ ಉಂಟು. 1986ರಲ್ಲಿ ಲಫಾಯೆಟ್ ಬೀದಿಯಲ್ಲಿ 'ಪಾಪ್ ಶಾಪ್' ತೆರೆದು ಅದೇ ಚಿತ್ರಗಳ ಬ್ಯಾಡ್ಜು, ಟೀಶರ್ಟು ಮಾರಿದ. ಗ್ಯಾಲರಿಗೆ ಹೋಗದವರ ಕೈಗೂ ಸಿಗಲಿ ಎಂದು. 1990ರ ಫೆಬ್ರವರಿಯಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ ಅವನಿಗೆ 31. ಪೆನ್ಸಿಲಿನ ಆ ರುಜುವನ್ನು ಇನ್ನೊಮ್ಮೆ ನೋಡಿದೆ.

ಹೊರಡುವಾಗ ಮಗಳು ಹೇರಿಂಗನ ಚಿತ್ರದ ಪೋಸ್ಟ್‌ಕಾರ್ಡ್ ಕೊಡಿಸಿದಳು. ಬಸ್ಸಿನಲ್ಲಿ ಕೂತು ಭೂತಗನ್ನಡಿ ಹಿಡಿದೆ. ಚುಕ್ಕೆಗಳಿದ್ದವು. ಕೆಂಪು ಬಣ್ಣ ಕೂದಲೆಳೆಯಷ್ಟು ಆಚೆ ಸರಿದಿತ್ತು. ನಮ್ಮ ಪ್ರೆಸ್ಸಿನಲ್ಲಾಗಿದ್ದರೆ ಆ ಹಾಳೆಯನ್ನು ನಾನು ವೇಸ್ಟಿಗೆ ಹಾಕುತ್ತಿದ್ದೆ.